ಚಿಗವ್ವ ಮತ್ತು ಆಡಿನ ಕಣ್ಣು

ನಮ್ಮ ಚಿಗವ್ವನಷ್ಟು ಆಡುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಹೆಂಗಸು ಸುರಪುರ, ಶಹಾಪುರ, ಯಾದಗಿರಿ ಮೂರೂ ಕಡೆ ಜಾಲಾಡಿದರೂ ಇನ್ನೊಬ್ಬಳು ಸಿಕ್ಕಲಾರಳು. ಮಟನ್ ಅಂಗಡಿಯವರನ್ನು ಸೇರಿಸಿಯೇ ಹೇಳುತ್ತಿದ್ದೇನೆ. ಅವರು ನೋಡುವುದು ಆಡಿನ ಕುತ್ತಿಗೆಯನ್ನು. ಚಿಗವ್ವ ನೋಡುವುದು ಕಣ್ಣನ್ನು, ಅದರಲ್ಲೂ ಕಣ್ಣಿನ ಹಿಂದಿನ ಗೋಡೆಯನ್ನು. ನಾವಾದರೋ ಎದುರುಮನೆಯಲ್ಲಿ ತತ್ತಿ ಬೇಯಿಸಿದರೆ ಕಿಟಕಿ ಮುಚ್ಚುವ ಲಿಂಗಾಯತರು. ಇಂಥ ಮನೆಯಲ್ಲಿ ಇಂಥವಳು ಹೇಗೆ ಹುಟ್ಟಿದಳು ಎಂದು ಕೇಳಬೇಡಿ. ಹುಟ್ಟಿದಾಗ ಎಲ್ಲರಂತೆಯೇ ಇದ್ದಳಂತೆ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಮದುವೆಯಾದವಳಲ್ಲ. ಕಲಬುರ್ಗಿಯ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಶನಿವಾರ ಸಂಜೆ ಸುರಪುರದ ಪಕ್ಕದ ರಂಗಂಪೇಟೆಯ ನಮ್ಮ ಮನೆಗೆ ಬಂದರೆ ಭಾನುವಾರ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ಅವಳು ಮಾಡುವ ಕೆಲಸವೇನೆಂದು ನಮ್ಮ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಯಿಗೂ, ಅಂದರೆ ಅವ್ವ ಮತ್ತು ಚಿಗವ್ವನ ತಾಯಿಗೂ ಗೊತ್ತಿರಲಿಲ್ಲ. ಒಂದು ದಿನ ಆಯಿ ಅವಳನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಕೇಳಿಯೇಬಿಟ್ಟಳು.

"ಮಂದಿ ಕೇಳಿದ್ರ ನನ್ನ ಮಗಳು ಏನು ಮಾಡ್ತಾಳಂತ ಹೇಳ್ಲೆವಾ?"

"ಕೇಳವ್ವ ಹಂಗಾದ್ರ," ಎಂದಳು ಚಿಗವ್ವ. "ನಮ್ಮ ಮೈಯಾಗ ಒಂದೊಂದು ಕಣದಾಗೂ ಜೀನ್ ಅಂತ ಇರ್ತಾವ. ಕಣ್ಣಾಗೂ ಅವೇ, ಕಾಲಾಗೂ ಅವೇ. ಆದ್ರ ಎಲ್ಲಾವೂ ಎಲ್ಲಾ ಕಡಿ ಮಾತಾಡೂದಿಲ್ಲ. ಕಾಲಾಗ ಸುಮ್ಮ ಕುಂತಿದ್ದು ಕಣ್ಣಾಗ ಮಾತಾಡ್ತದ. ಮುಂಜಾನಿ ಮಾತಾಡಿದ್ದು ಸಂಜಿಗಿ ಸುಮ್ಮಾಗ್ತದ. ಆಡಿನ ಕಣ್ಣಾಗ ಯಾವ್ಯಾವು ಮಾತಾಡ್ತಾವ, ಎಷ್ಟು ಜೋರು ಮಾತಾಡ್ತಾವ, ಅದನ್ನ ಕೇಳೂದೇ ನನ್ನ ಕೆಲಸ."

ಆಯಿ ನನ್ನ ಕಡೆ ತಿರುಗಿ ಹೇಳಿದಳು. "ಮದುವಿ ಮಾಡ್ಕೋ ಅಂತ ನಾ ವರ್ಷಾನುಗಟ್ಲೆ ವದರಿದ್ದು ಇಕಿಗಿ ಕೇಳ್ಸಲಿಲ್ಲ. ಆಡಿನ ಕಣ್ಣು ಮಾತಾಡೂದು ಕೇಳ್ಸತದಂತ."

ಚಿಗವ್ವ ಮೊದಲಿನಿಂದಲೂ ಆಡಿನ ಹಿಂದೆ ಬಿದ್ದವಳಲ್ಲ. ಮೊದಲು ಅವಳದು ಮೀನಿನ ಸಂಶೋಧನೆ. ನಾರಾಯಣಪುರ ಡ್ಯಾಮಿನ ಮೀನುಗಳ ಹೊಟ್ಟೆಯಲ್ಲಿ ಎಂಥೆಂಥ ಹುಳುಗಳಿವೆ ಎಂದು ಸುಖವಾಗಿ ಹುಡುಕಿಕೊಂಡಿದ್ದಳು. ಆ ಹುಳುಗಳಿಂದ ಅವಳಿಗೆ ಒಳ್ಳೆಯ ಹೆಸರೂ ಬಂದಿತ್ತು. ಅದನ್ನೆಲ್ಲ ಬಿಟ್ಟು, ತಲೆಗೂದಲು ನೆರೆಯತೊಡಗಿದ ಮೇಲೆ, ತನಗಿಂತ ಚಿಕ್ಕವರ ಕೈಕೆಳಗೆ ಅ ಆ ಇ ಈ ಯಿಂದ ಹೊಸ ವಿದ್ಯೆ ಕಲಿಯಲು ಕೂತಳು. ಕಾರಣ ನಾನು. ನಾನು ಮತ್ತು ಒಂದು ಎಮ್ಮೆ.

ಶಹಾಪುರದ ಹೈಸ್ಕೂಲಿನಲ್ಲಿ ನನಗೆ ಕನ್ನಡ ಮಾಸ್ತರಿಕೆ ಸಿಕ್ಕು ಹೊಸ ಬೈಕು ತೆಗೆದುಕೊಂಡಿದ್ದೆ. ಒಂದು ಸಂಜೆ ಬರುವಾಗ ರಸ್ತೆಯ ನಡುವೆ ನಿಂತಿದ್ದ ಎಮ್ಮೆಗೆ ನೇರವಾಗಿ ಹೋಗಿ ಗುದ್ದಿದೆ. ಎಮ್ಮೆಗೇನೂ ಆಗಲಿಲ್ಲ. ಅದು ಒಮ್ಮೆ ತಿರುಗಿ ನೋಡಿ ಮೆಲುಕು ಮುಂದುವರಿಸಿತು. ನನ್ನ ಭುಜ ಮುರಿಯಿತು. ನೋಡಲು ಬಂದವರೆಲ್ಲರದೂ ಒಂದೇ ಪ್ರಶ್ನೆ. "ಅಷ್ಟು ದೊಡ್ಡ ಎಮ್ಮಿ ಕಾಣಲಿಲ್ಲೇನ್ರಿ ಸರ?" ಕಾಣಲಿಲ್ಲ. ಯಾಕೆ ಕಾಣಲಿಲ್ಲ ಎಂದು ಹೈದರಾಬಾದಿನ ಕಣ್ಣಿನ ದವಾಖಾನೆಗೆ ಕರೆದೊಯ್ದವಳು ಚಿಗವ್ವ. ಕಣ್ಣಿನ ಒಳಗೋಡೆಗೆ ಅಂಟಿಕೊಂಡ ಒಂದು ತೆಳ್ಳನೆಯ ಪದರವಿದೆ, ರೆಟಿನಾ. ನೋಡುವ ಕೆಲಸವೆಲ್ಲ ಅದರದೇ. ನನ್ನದು ಅಂಚಿನಿಂದ ಒಳಗೊಳಗೆ ಸಾಯುತ್ತಾ ಬರುತ್ತಿದೆ, ಮೊದಲು ಮಬ್ಬುಗತ್ತಲಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಅಕ್ಕಪಕ್ಕದ್ದು, ಕೊನೆಗೆ ನಡುವಿನದೂ ಎಂದರು. ಔಷಧ ಇಲ್ಲ ಎಂದರು. ನನ್ನ ಅಪ್ಪ ಅವ್ವನಿಗೆ ಸೋದರಮಾವ. ಒಂದೇ ಮನೆತನದ ಒಂದೇ ದೋಷ ಎರಡೂ ಕಡೆಯಿಂದ ಬಂದು ನನ್ನಲ್ಲಿ ಕೂಡಿತ್ತು. ಹೊಲ ಹೊರಗೆ ಹೋಗಬಾರದೆಂದು ಮಾಡಿದ ಮದುವೆ ಅದು. ಹೊಲ ಹೊರಗೆ ಹೋಗಲಿಲ್ಲ.

ಹೈದರಾಬಾದಿನಿಂದ ಬಂದ ಮುಂದಿನ ವಾರವೇ ಚಿಗವ್ವ ಮೀನುಗಳನ್ನು ಬಿಟ್ಟಳು.

ಆಡೇ ಯಾಕೆ? ಮನುಷ್ಯರ ಕಣ್ಣು ಕೇಳಿದರೆ ಯಾರು ಕೊಡುತ್ತಾರೆ? ಇಲಿಯ ಕಣ್ಣು ತೀರ ಸಣ್ಣದು. ಆಡಿನದು ದೊಡ್ಡದು, ಭಾನುವಾರ ಭಾನುವಾರ ತಾಜಾ ಸಿಗುತ್ತದೆ. ಆರೋಗ್ಯವಾಗಿರುವ ರೆಟಿನಾದ ಅಂಚಿನಲ್ಲಿ ಯಾವ ಜೀನು ಏನು ಹೇಳುತ್ತದೆ, ನಡುವೆ ಯಾವುದು ಏನು ಹೇಳುತ್ತದೆ ಎಂದು ತಿಳಿದರೆ, ಸಾಯುವಾಗ ಅಂಚೇ ಯಾಕೆ ಮೊದಲು ಸಾಯುತ್ತದೆಂದು ಗೊತ್ತಾದೀತು ಎಂಬುದು ಅವಳ ಲೆಕ್ಕ. ಆದರೆ ಕಣ್ಣು ಬೆಳಕು ಕಂಡರೆ ಮಾತು ಬದಲಿಸುತ್ತದೆ. ಆದ್ದರಿಂದ ಒಂದಿಷ್ಟು ಆಡುಗಳು ಬೆಳಕೇ ಕಾಣದೆ ಬರಬೇಕು. ಇದಕ್ಕೆ ಚಿಗವ್ವ ಮಾಡಿದ ಉಪಾಯ ಕುಂಚಿಗೆ. ಕೂಸುಗಳ ತಲೆಗೆ ಕಟ್ಟುತ್ತಾರಲ್ಲ, ಅಂಥದ್ದೇ. ಕಪ್ಪು ಬಟ್ಟೆಯಲ್ಲಿ, ಕಿವಿಗೆ ಎರಡು ತೂತು ಬಿಟ್ಟು, ಕಣ್ಣು ಪೂರ್ತಿ ಮುಚ್ಚುವ ಹಾಗೆ, ತಾನೇ ಕೂತು ಹೊಲಿದಳು. ರಂಗಂಪೇಟೆಯ ಮಟನ್ ಅಂಗಡಿಯ ಮುಂದೆ ಕಪ್ಪು ಕುಂಚಿಗೆ ತೊಟ್ಟ ಆಡುಗಳು ಶಾಲೆಗೆ ಹೊರಟವರ ಹಾಗೆ ಸಾಲಾಗಿ ನಿಂತವು.

ಮೂರನೆಯ ವಾರಕ್ಕೆ ಅಂಗಡಿಯ ಭಾಯಿ ಮನೆಗೆ ಬಂದ. ಮೆತ್ತನೆಯ ಮನುಷ್ಯ. ಬಾಗಿಲ ಹೊರಗೇ ನಿಂತು ಚಿಗವ್ವನಿಗೆ ಕೈಮುಗಿದ.

"ಅಕ್ಕಾರ, ನಿಮ್ಮ ಕೆಲಸಕ್ಕ ನಾ ಎಂದೂ ಇಲ್ಲ ಅಂದಿಲ್ರಿ. ಆದ್ರ ಗಿರಾಕಿ ಬರವಲ್ರು."

"ಯಾಕ ಭಾಯಿ, ಏನಾತು?"

"ನೀವು ಮಾಟ ಮಾಡಾಕತ್ತೀರಂತ ಸುದ್ದಿ ಹಬ್ಬ್ಯಾದ್ರಿ. ಕರೇ ಕುಂಚಿಗಿ ಹಾಕಿದ ಆಡು ತಿಂದವರ ಕಣ್ಣು ಹೋಗ್ತಾವಂತ."

ನಾನು ಜನ್ಮದಲ್ಲಿ ಮಟನ್ ಮುಟ್ಟಿದವನಲ್ಲ. ಅಂದು ಬೆಳಿಗ್ಗೆಯೇ ಬಾಗಿಲ ಚೌಕಟ್ಟಿಗೆ ಬಡಿದುಕೊಂಡು ಹಣೆ ಊದಿಸಿಕೊಂಡು ಕೂತಿದ್ದೆ. ಭಾಯಿ ನನ್ನ ಹಣೆ ನೋಡಿದ, ಚಿಗವ್ವನನ್ನು ನೋಡಿದ, ಮತ್ತೊಮ್ಮೆ ಕೈಮುಗಿದು ಹೋದ. ಮುಂದಿನ ಭಾನುವಾರದಿಂದ ಆಡುಗಳಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಯಾರಿಗೂ ಕಾಣದ ಹಾಗೆ, ತಾನೇ ಕುಂಚಿಗೆ ಕಟ್ಟತೊಡಗಿದ.

ಕಣ್ಣು ಮನೆಗೆ ಬಂದ ಮೇಲೆ ಶುರುವಾಗುತ್ತಿದ್ದುದು ಮಡಿ. ಜೀನುಗಳು ಆಡಿದ ಮಾತು ಆರ್‌ಎನ್‌ಎ ಎಂಬ ಎಳೆಯಾಗಿ ಇರುತ್ತದಂತೆ. ಅಷ್ಟು ಸೂಕ್ಷ್ಮದ ವಸ್ತು ಭೂಮಿಯ ಮೇಲೆ ಇನ್ನೊಂದಿಲ್ಲ. ಬೆರಳು ತಾಗಿದರೆ ಹಾಳು, ಬೆವರು ಬಿದ್ದರೆ ಹಾಳು, ಹತ್ತಿರ ನಿಂತು ಮಾತಾಡಿದರೆ ಉಗುಳು ಸಿಡಿದು ಹಾಳು. ಹಿತ್ತಲ ಕೋಣೆಯಲ್ಲಿ ಚಿಗವ್ವ ಕೈಗವಸು, ಬಾಯಿಗವಸು ತೊಟ್ಟು ಕಣ್ಣುಗಳನ್ನು ಐಸಿನ ಡಬ್ಬಿಗೆ ತುಂಬಲು ಕೂತರೆ ಆ ಕಡೆ ಯಾರೂ ಸುಳಿಯುವ ಹಾಗಿಲ್ಲ. ಒಮ್ಮೆ ಆಯಿ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತೀಯಾ ಎಂದು ಕೇಳಿದ್ದಕ್ಕೆ, "ಅವ್ವ, ಉಸಿರು ಬಿಡಬ್ಯಾಡ," ಎಂದಳು.

ಆಯಿ ಉಸಿರು ಬಿಗಿಹಿಡಿದು ಅಡುಗೆಮನೆಯ ತನಕ ಬಂದು, ಅಲ್ಲಿ ಬಿಟ್ಟು, "ಲಿಂಗಪೂಜಿಗೂ ನಾ ಇಷ್ಟು ಮಡಿ ಮಾಡಿಲ್ಲಪಾ," ಎಂದಳು.

ಇಷ್ಟೆಲ್ಲ ಮಡಿಯ ನಡುವೆ ಒಂದು ಭಾನುವಾರ ಕಲಬುರ್ಗಿಯ ಬಸ್ಸು ಬರಲಿಲ್ಲ, ಚಿಗವ್ವ ಡಬ್ಬಿಯೊಂದಿಗೆ ಮನೆಗೆ ಮರಳಿದಳು. ಅಂದೇ ನನ್ನ ಮದುವೆಯ ವಿಚಾರಕ್ಕೆ ಹುಡುಗಿಯ ಕಡೆಯವರು ಯಾದಗಿರಿಯಿಂದ ನಮ್ಮ ಮನೆ ನೋಡಲು ಬರುವವರಿದ್ದರು. ನನ್ನ ಕಣ್ಣಿನ ಸಂಗತಿಯನ್ನು ಅವರಿಗೆ ಹೇಳಬೇಕೆಂದು ನಾನು ಹಟ ಹಿಡಿದಿದ್ದೆ. "ಹೇಳೂಣು, ಊಟ ಆಗ್ಲಿ, ಹೊಟ್ಟಿ ತುಂಬಿದ ಮ್ಯಾಲ ಮಂದಿ ಸಮಾಧಾನದಾಗ ಕೇಳ್ತಾರ," ಎಂದು ಅಪ್ಪ ಒಪ್ಪಿದ್ದ. ಹೋಳಿಗೆ ಬಡಿಸಿಯಾಗಿತ್ತು. ಹುಡುಗಿಯ ತಾಯಿ ಒಳ್ಳೆಯ ಹೆಂಗಸು. ಅವ್ವ ಒಬ್ಬಳೇ ಓಡಾಡುತ್ತಿದ್ದಾಳೆಂದು ತಾನೇ ಎದ್ದು, "ಮೊಸರು ನಾ ತರ್ತೇನ್ರಿ," ಎಂದು ಅಡುಗೆಮನೆಗೆ ಹೋಗಿ ಫ್ರಿಜ್ ತೆರೆದಳು. ನಮಗೆ ಕೇಳಿಸಿದ್ದು ಡಬ್ಬಿಯೊಂದು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಬಹಳ ಮೆಲ್ಲನೆಯ ದನಿ.

"ಅಕ್ಕಾರ, ಮೊಸರಿನ ಹಿಂದ ಏನೋ ಅದಾವ್ರಿ. ನನ್ನನ್ನೇ ನೋಡಾಕತ್ತಾವ್ರಿ."

ಚಿಗವ್ವ ಓಡಿದಳು. ಆ ತಾಯಿಯನ್ನು ಹಿಡಿದುಕೊಳ್ಳಲು ಅಲ್ಲ, "ಮುಟ್ಟಬ್ಯಾಡ್ರಿ, ನಿಮ್ಮ ಕೈಗಿ ಗ್ಲೌಸ್ ಇಲ್ಲ" ಎಂದು ಹೇಳಲು. ಕಣ್ಣಿನ ಸಂಗತಿಯನ್ನು ಊಟವಾದ ಮೇಲೆ ಹೇಳಬೇಕೆಂದಿದ್ದ ಅಪ್ಪನಿಗೆ ಆ ಕಷ್ಟವೇ ಬರಲಿಲ್ಲ. ಅವರು ಮೊಸರಿಗೂ ಕಾಯದೆ ಎದ್ದರು. ಹುಡುಗಿಯನ್ನು ನಾನು ಒಮ್ಮೆ ನೋಡಿದ್ದೆ, ಹಗಲು ಬೆಳಕಿನಲ್ಲಿ, ಚೆನ್ನಾಗಿ. ನಗುವಾಗ ತಲೆ ತಗ್ಗಿಸುತ್ತಿದ್ದಳು. ಆಮೇಲೆ ಬೇರೆ ಸಂಬಂಧ ನೋಡುವುದು ಬೇಡ ಎಂದು ಮನೆಯಲ್ಲಿ ಹೇಳಿಬಿಟ್ಟೆ. ಯಾರೂ ಒತ್ತಾಯಿಸಲಿಲ್ಲ. ಒತ್ತಾಯಿಸಲಿಲ್ಲ ಎಂಬುದೇ ಇಂದಿಗೂ ಚುಚ್ಚುತ್ತದೆ.

ಬಸ್ಸು ಬಂದ ಇನ್ನೊಂದು ಭಾನುವಾರದ ಕತೆ ಇನ್ನೂ ಚಂದ. ನಡು ಬೇಸಿಗೆ. ಥರ್ಮಾಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಚಿಗವ್ವ ಕಿಟಕಿಯ ಪಕ್ಕ, ಶಹಾಪುರದಲ್ಲಿ ಇಳಿಯಬೇಕಾದ ನಾನು ಅವಳ ಪಕ್ಕ. ಡಬ್ಬಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನ್ರಿ ಅಕ್ಕಾರ ಅದು, ಮೀನಾ?" ಎಂದು ಕೇಳಿದ ಕಂಡಕ್ಟರ್.

ಮೀನು ಎಂದಿದ್ದರೆ ಮುಗಿದುಹೋಗುತ್ತಿತ್ತು. ಚಿಗವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಕಣ್ಣು," ಎಂದಳು.

"ಯಾರವ್ರಿ?"

ಚಿಗವ್ವ ಉತ್ತರ ಕೊಡುವಷ್ಟರಲ್ಲಿ ಹಿಂದಿನ ಸೀಟು ಖಾಲಿಯಾಗಿತ್ತು. ಶಹಾಪುರ ನಿಲ್ದಾಣದಲ್ಲಿ ಯಾರೋ ಹವಾಲ್ದಾರನನ್ನು ಕರೆತಂದರು. ಅವನು ಡಬ್ಬಿಯನ್ನೂ ನಮ್ಮಿಬ್ಬರನ್ನೂ ಇಳಿಸಿ ಬಿಸಿಲಲ್ಲಿ ನಿಲ್ಲಿಸಿದ. ಇವು ಮನುಷ್ಯರವಲ್ಲ ಎಂದು ಹೇಗೆ ನಂಬುವುದು ಎಂಬುದು ಅವನ ಪ್ರಶ್ನೆ. ನ್ಯಾಯವಾದದ್ದೇ.

"ಮನುಷ್ಯರ ಕಣ್ಣಿನ ಪಾಪಿ ದುಂಡಗ ಇರ್ತದ್ರಿ. ಆಡಿಂದು ಅಡ್ಡ ಗೀಟು ಎಳದಂಗ ಇರ್ತದ. ನೀವೇ ನೋಡ್ರಿ," ಎಂದು ಚಿಗವ್ವ ಮುಚ್ಚಳ ತೆಗೆದಳು.

ಹವಾಲ್ದಾರ ಬಗ್ಗಿ ನೋಡಿದ. ಅವೂ ಅವನನ್ನು ನೋಡಿದವು. "ಮುಚ್ರಿ ಅಕ್ಕಾರ," ಎಂದು ಕಂಬ ಹಿಡಿದು ನಿಂತ. "ಮುಂಜಾನಿ ಮನ್ಯಾಗ ಆಡಿನ ತಲಿ ಸಾರು ತಿಂದು ಬಂದೇನಿ. ಮುಚ್ರಿ."

ಅಷ್ಟರಲ್ಲಿ ಬಸ್ಸು ಹೋಗಿತ್ತು. ಐಸು ನೀರಾಗಿತ್ತು. ಚಿಗವ್ವ ಆ ನೀರಿನಲ್ಲಿ ಬೆರಳಿಟ್ಟು ನೋಡಿ, "ಹೋದ್ವು," ಎಂದಳು. ಅಷ್ಟೇ. ನಾನು ನಕ್ಕೆ. ನಗದೆ ಇನ್ನೇನು ಮಾಡುವುದಿತ್ತು?

ಹೀಗೆ ಹೋದವು ಹೋಗಿ, ಉಳಿದವು ಉಳಿದು, ಕಲಬುರ್ಗಿಯ ಪ್ರಯೋಗಾಲಯದ ಕಡುಚಳಿಯ ಪೆಟ್ಟಿಗೆಯೊಳಗೆ ಕೆಲವು ವರ್ಷಗಳ ಆಡುಗಳು ಪುಟ್ಟ ಪುಟ್ಟ ನಳಿಕೆಗಳಲ್ಲಿ ಕೂಡಿಕೊಂಡವು. ಅಷ್ಟರೊಳಗೆ ನನಗೆ ಕರಿಹಲಗೆಯ ಎರಡೂ ಬದಿ ಒಟ್ಟಿಗೆ ಕಾಣುವುದು ನಿಂತಿತ್ತು. ಮಕ್ಕಳು ಬದಿಯಲ್ಲಿ ಬಂದು ನಿಂತು ಸರ್ ಎಂದರೆ ಬೆಚ್ಚಿ ಬೀಳುತ್ತಿದ್ದೆ. ನನ್ನ ರಕ್ತವನ್ನು ಹೈದರಾಬಾದಿಗೆ ಕಳಿಸಿದ್ದರು. ಯಾವ ಜೀನು ಕೆಟ್ಟಿದೆಯೆಂದು ಗೊತ್ತಾಯಿತು. ಅದನ್ನು ಹೇಳಲು ಚಿಗವ್ವ ಫೋನು ಮಾಡಲಿಲ್ಲ, ಶಾಲೆಗೇ ಬಂದಳು. ಬೇವಿನ ಮರದ ಕೆಳಗೆ ನಿಂತು ಹೇಳಿದಳು.

"ತಮ್ಮಾ, ಒಂದು ಜೀನಿಗಿ ಔಷಧ ಬಂದದ. ಕಣ್ಣಾಗ ಸೂಜಿಲೆ ಹಾಕ್ತಾರ."

"ನಂದು ಅದೇ ಏನು?"

"ಅಲ್ಲ."

ಗಂಟೆ ಹೊಡೆಯಿತು. ಅಂದು ಒಂಬತ್ತನೆಯ ತರಗತಿಗೆ ಹೋಗಿ ವ್ಯಾಕರಣ ಕಲಿಸಿದೆ. ನಿಷೇಧಾರ್ಥಕ ಕ್ರಿಯಾಪದಗಳು. ಇಲ್ಲ, ಅಲ್ಲ, ಬೇಡ, ಕೂಡದು. ಉದಾಹರಣೆಗೆ ಬರವಿರಲಿಲ್ಲ.

ಇಷ್ಟಾದರೂ ಚಿಗವ್ವ ಭಾನುವಾರಗಳನ್ನು ಬಿಡಲಿಲ್ಲ. ಬಿಡಿಸಿದ್ದು ಕರೆಂಟು. ಹೋದ ವರ್ಷ ಹಬ್ಬದ ರಜೆಯಲ್ಲಿ ಕಟ್ಟಡದಲ್ಲಿ ಯಾರೂ ಇಲ್ಲದಾಗ ಕರೆಂಟು ಹೋಯಿತು, ಜನರೇಟರು ಹೊತ್ತಿಕೊಳ್ಳಲಿಲ್ಲ. ರಜೆ ಮುಗಿಸಿ ಬಾಗಿಲು ತೆರೆದಾಗ ಕಡುಚಳಿಯ ಪೆಟ್ಟಿಗೆ ಕೋಣೆಯಷ್ಟೇ ಬೆಚ್ಚಗಿತ್ತು. ಅಷ್ಟೂ ಆಡುಗಳು ಎರಡನೆಯ ಸಲ ಸತ್ತಿದ್ದವು. ಬೈಯೋಣವೆಂದರೆ ಯಾರನ್ನು ಬೈಯುವುದು? ಮತ್ತೆ ಮೊದಲಿನಿಂದ ಮಾಡಲು ಅವಳ ನೌಕರಿಯಲ್ಲಿ ವರ್ಷಗಳು ಉಳಿದಿರಲಿಲ್ಲ, ನನ್ನ ಕಣ್ಣಿನಲ್ಲೂ ಉಳಿದಿರಲಿಲ್ಲ.

ಚಿಗವ್ವ ಮನೆಗೆ ಬಂದುಬಿಟ್ಟಳು. ಅವಳು ಸುಮ್ಮನೆ ಕೂತದ್ದನ್ನು ನಾವು ಯಾರೂ ಕಂಡಿರಲಿಲ್ಲ. ಈಗ ಕೂತಳು. ಅವ್ವ ರೊಟ್ಟಿ ಬಡಿದು ಮುಂದಿಟ್ಟರೆ ತಿಂದಳು, ಇಡದಿದ್ದರೆ ಕೇಳಲಿಲ್ಲ. ಮಟನ್ ಅಂಗಡಿಯ ಭಾಯಿ ಒಂದು ಭಾನುವಾರ ಬಂದು, "ಅಕ್ಕಾರ ಯಾಕ ಬರವಲ್ರು?" ಎಂದು ನನ್ನನ್ನು ಕೇಳಿದ. ಮೈಯಲ್ಲಿ ಹುಷಾರಿಲ್ಲ ಎಂದೆ. ಅವಳು ಒಳಗಿನಿಂದಲೇ, "ಹುಷಾರದೇನಿ ಭಾಯಿ, ಮುಗೀತು," ಎಂದಳು.

ಮೊನ್ನೆ ಬೆಳಿಗ್ಗೆ ಪಡಸಾಲೆಯಲ್ಲಿ ನಾವಿಬ್ಬರೇ ಇದ್ದೆವು. ಬಾಗಿಲಿನಿಂದ ಒಳ್ಳೆಯ ಬಿಸಿಲು ಬಿದ್ದಿತ್ತು. ಅವಳು ನನ್ನ ಎದುರಿಗೇ ಕೂತಿದ್ದಳು.

"ನಿನಗ ಹ್ಯಾಂಗ ಕಾಣ್ತದೋ?" ಎಂದಳು. ಇಷ್ಟು ವರ್ಷಗಳಲ್ಲಿ ಅವಳು ಇದನ್ನು ಕೇಳಿದ್ದು ಅದೇ ಮೊದಲು.

ಹೇಳಿದೆ. ಒಂದು ಕೊಳವೆಯೊಳಗಿಂದ ನೋಡಿದಂತೆ. ನಿನ್ನ ಮೂಗು ನೋಡಿದರೆ ಮೂಗು ಮತ್ತು ಎರಡು ಕಣ್ಣು. ಕುಂಕುಮ ನೋಡಿದರೆ ಬಾಯಿ ಇಲ್ಲ. ಕೈ ಎಲ್ಲಿದೆಯೋ ಹುಡುಕಬೇಕು.

"ಪೂರಾ ನಾನು ಕಾಣಂಗಿಲ್ಲ?"

"ಇಷ್ಟು ಹತ್ರ ಕುಂತ್ರ ಕಾಣಂಗಿಲ್ಲ. ದೂರ ಹೋದ್ರ ಕೊಳವ್ಯಾಗ ಹಿಡಸ್ತೀ."

ಚಿಗವ್ವ ಎದ್ದಳು. ಒಂದು ಹೆಜ್ಜೆ ಹಿಂದೆ ಸರಿದು, "ಈಗ?" ಎಂದಳು. ಎದೆಯ ತನಕ ಎಂದೆ. ಇನ್ನೊಂದಿಷ್ಟು ಸರಿದಳು. "ಈಗ?" ಮೊಣಕಾಲ ತನಕ. ಹಾಗೆ ಹಿಂದೆ ಹಿಂದೆ ಹೋಗುತ್ತಾ ಎದುರಿನ ಗೋಡೆಗೆ ಬೆನ್ನು ತಾಗಿಸಿ ನಿಂತಳು. ನೆರೆತ ಕೂದಲಿನಿಂದ ಪಾದದ ಬೆರಳ ತನಕ, ಪೂರ್ತಿ, ನಮ್ಮ ಚಿಗವ್ವ. ಯಾವಾಗ ಇಷ್ಟು ಸಣ್ಣಗಾದಳೋ ನನಗೆ ಗೊತ್ತಿರಲಿಲ್ಲ.

"ಈಗ ಪೂರಾ ಕಾಣ್ತೀ," ಎಂದೆ.

ಅವಳು ಸೆರಗು ಸರಿಮಾಡಿಕೊಂಡಳು. ನೆರಿಗೆ ಕೊಡವಿದಳು. ಫೋಟೋಕ್ಕೆ ನಿಂತವರ ಹಾಗೆ ಎರಡೂ ಕೈ ಇಳಿಬಿಟ್ಟು, ನೆಟ್ಟಗೆ, ಅಲುಗಾಡದೆ ನಿಂತಳು.

"ನೋಡ್ಕೋ ಹಂಗಾದ್ರ," ಎಂದಳು. "ನನಗೇನು ಕೆಲಸ ಇಲ್ಲ. ನಿನಗ ಸಾಕು ಅನ್ನಿಸೂತನ ನಿಲ್ತೇನಿ."