ಮಡಿಯಲ್ಲಿ ನಲವತ್ತು ಇಂಗ್ಲಿಷ್

ಒಂದು ಹಾಳೆ ಹಾರಿ ಹುಳಿಯ ಪಾತ್ರೆಗೆ ಬಿದ್ದದ್ದೇ ಎಲ್ಲಕ್ಕೂ ಕಾರಣ.

ಹಾಳೆಯಲ್ಲಿ ನಲವತ್ತು ಇಂಗ್ಲಿಷ್ ಪದಗಳಿದ್ದವು. ನೇಷನ್, ಸ್ಟೇಷನ್, ರೇಷನ್, ಪೆಟಿಷನ್ ಎಂದು ಶುರುವಾಗಿ, ಒಂದೇ ತಾಯಿಯ ಮಕ್ಕಳಿಗೆಲ್ಲ ಒಂದೇ ಮೂಗು ಬಂದ ಹಾಗೆ, ಅಷ್ಟೂ ಪದಗಳಿಗೆ ಕೊನೆಯ ನಾಲ್ಕಕ್ಷರ ಒಂದೇ. ರೈಲಿನಲ್ಲಿ ಯಾರೋ ಬಿಟ್ಟುಹೋದ ಪುಸ್ತಕದಿಂದ ಅದನ್ನು ರಾಯಚೂರು ಸ್ಟೇಷನ್ನಿನ ಅಮೀರ್ ಸಾಬ್ ತಂದಿದ್ದರು. ಅವರ ಹೆಂಡತಿ ಹೀರಾಬಿ ಗಂಡನಿಂದ ಒಂದೊಂದರ ಅರ್ಥವನ್ನೂ ಕೇಳಿ ತಿಳಿದು, ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯ ಜಯಾಬಾಯಿಗೆ ಹೇಳಿಕೊಟ್ಟಿದ್ದಳು.

ಹೆಣ್ಣುಮಕ್ಕಳ ಶಾಲೆಯ ಸಣ್ಣ ತರಗತಿಗೆ ಕಲಿಸುವವರು ಬೇಕಾಗಿದ್ದರು. ಕನ್ನಡ ಓದು, ಬರಹ, ಅರ್ಥಸಹಿತ ನಲವತ್ತು ಇಂಗ್ಲಿಷ್ ಪದ, ಇಷ್ಟು ಬಂದರೆ ಸಾಕು. ಯಾವ ಪದಗಳೆಂದು ಅರ್ಜಿಯ ಜೊತೆ ಮೊದಲೇ ಚೀಟಿ ಬರೆದು ಕಳಿಸಬೇಕಿತ್ತು. ಹೈದರಾಬಾದಿನಿಂದ ಇನ್ಸ್‌ಪೆಕ್ಟರ್ ಬಾಯಿ ಬಂದು ಇವತ್ತು ಹನ್ನೆರಡಕ್ಕೆ ಪರೀಕ್ಷೆ ಮಾಡಿ ಸಂಜೆಯ ಗಾಡಿಗೆ ಹೊರಡುವವರಿದ್ದರು.

ಜಯಾಬಾಯಿಗೆ ಸಂಬಳದ ಆಸೆ ಇರಲಿಲ್ಲ. ಗಂಡ ವಿಠ್ಠಲ ದೇವದುರ್ಗದ ಕಚೇರಿಯಲ್ಲಿ ಗುಮಾಸ್ತ. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಉಳಿದ ದಿನಗಳಲ್ಲಿ ಅವಳು ಕಂಡದ್ದು ಒಲೆ, ಬಾವಿ, ಅತ್ತೆಯ ಮುಖ. ದಿನಾ ಹತ್ತರಿಂದ ನಾಲ್ಕರವರೆಗೆ ಹೊಸ್ತಿಲಿನ ಆಚೆ ಇರಬೇಕು, ಅಷ್ಟೇ ಅವಳ ಆಸೆ.

ಅತ್ತೆ ಭಾಗೀರಥಿಬಾಯಿ, ಗಂಡ ತೀರಿಕೊಂಡ ಇಪ್ಪತ್ತೈದು ವರ್ಷದಿಂದ, ಕೆಂಪು ಸೀರೆಯ ಮಡಿ ಹೆಂಗಸು. ಅವರು ಬೇಡವೆನ್ನಲಿಲ್ಲ. "ಹೋಗು, ಯಾರು ಬ್ಯಾಡಂದಾರ? ಮಡೀಲೆ ಅಡಿಗಿ ಮಾಡಿ, ನೈವೇದ್ಯ ತೋರಿಸಿ, ನನಗ ಬಡಿಸಿ ಹೋಗು," ಎಂದಿದ್ದರು. ಬಾಗಿಲು ತೆರೆದು ಎದುರಿಗೆ ಎಮ್ಮೆ ಕಟ್ಟಿದ ಹಾಗೆ.

ಹೀರಾಬಿಯ ಮನೆಯಿಂದ ಬಂದ ಹಾಳೆ ಮಡಿ ಅಡಿಗೆಮನೆಗೆ ಬರುವಂತಿರಲಿಲ್ಲ. ಅದಕ್ಕೇ ಒಂದು ತಿಂಗಳಿಂದ ಜಯಾಬಾಯಿ ಅದನ್ನು ಬಾಗಿಲ ಹೊರಗೆ ಮೊಳೆಗೆ ಸಿಕ್ಕಿಸಿ, ಒಲೆಯ ಮುಂದೆ ಕೂತು ಕತ್ತು ಚಾಚಿ ಓದುತ್ತ, ಬೆಳಗಿನ ಹಾಡಿನ ಧಾಟಿಯಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಪಡಸಾಲೆಯಲ್ಲಿ ಜಪಕ್ಕೆ ಕೂತ ಭಾಗೀರಥಿಬಾಯಿ ಕಣ್ಣು ಮುಚ್ಚಿಕೊಂಡೇ ಮುಖ ಸಿಂಡರಿಸುತ್ತಿದ್ದರು.

ಇವತ್ತು ಗಾಳಿ ಬೀಸಿತು. ಹಾಳೆ ಮೊಳೆ ಬಿಟ್ಟು, ಹೊಸ್ತಿಲು ದಾಟಿ, ಕುದಿಯುವ ಹುಳಿಯಲ್ಲಿ ಹಪ್ಪಳದ ಹಾಗೆ ಮಲಗಿತು.

"ಮೈಲಿಗಿ ಆತು!" ಭಾಗೀರಥಿಬಾಯಿಯ ಕೂಗಿಗೆ ಪಾರಿವಾಳಗಳು ಹಾರಿದವು. "ಎಲ್ಲಾ ಆಕಳಿಗೆ ಹಾಕು. ಸ್ನಾನ ಮಾಡಿ ಮತ್ತ ಮೊದಲಿಂದ ಮಾಡು."

ಕೂಗು ಕೇಳಿ ಎದುರುಮನೆಯ ಅಹಲ್ಯಾಬಾಯಿ ಬಂದೇ ಬಿಟ್ಟರು. ಓಣಿಯಲ್ಲಿ ಯಾರ ಮನೆಯಲ್ಲಿ ಸಾಸಿವೆ ಸಿಡಿದರೂ ಅವರ ಕಿವಿಗೆ ಬೀಳುತ್ತಿತ್ತು.

"ಏನ್ ಭಾಗಕ್ಕಾ, ಇಂಗ್ಲಿಷ್ ಹುಳಿ ಮಾಡ್ಯಾಳಂತ ನಿನ್ನ ಸೊಸಿ? ಸಣ್ಣ ಹುಡುಗ್ಯಾರನ್ನ ಸಾಲಿಗೆ ಕಳಿಸಿದ್ರ ಹಿಂಗ ಆಗೋದು. ನಮ್ಮ ಮಾನ್ವಿ ಬೀಗರ ಸೊಸಿಗೆ ಹಿಂಗs ಓದಲಿಕ್ಕೆ ಹೋಗಿ ಕನ್ನಡಕ ಬಂತು."

ಜಯಾಬಾಯಿ ಬಚ್ಚಲಿಗೆ ನಡೆದಳು. ಎರಡು ಕೊಡ ತಣ್ಣೀರು ಸುರಿದುಕೊಂಡು, ಮಡಿಗೆ ಒದ್ದೆ ಸೀರೆಯನ್ನೇ ಉಟ್ಟು, ಮತ್ತೆ ಒಲೆ ಹಚ್ಚಿದಳು. ಹಾಳೆಯಂತೂ ಆಕಳ ಹೊಟ್ಟೆ ಸೇರಿತ್ತು.

ಅಷ್ಟರಲ್ಲಿ ಗೋಡೆಯ ಆಚೆಯಿಂದ ಹೀರಾಬಿಯ ದನಿ ಬಂತು. ಬೀಸುವ ಕಲ್ಲಿನ ಮೇಲೆ ಹತ್ತಿ ನಿಂತಿದ್ದಳು.

"ಜಯಕ್ಕಾ, ಹೆದರಬ್ಯಾಡ್ರಿ. ನನಗ ನೆನಪದ. ನಾ ಕೂಗತೀನಿ, ನೀವು ಅರ್ಥ ಹೇಳ್ರಿ. ನೇಷನ್!"

"ರಾಷ್ಟ್ರ!" ಎಂದು ಜಯಾಬಾಯಿ ಒಲೆಯ ಹೊಗೆಯಲ್ಲಿ ಕೆಮ್ಮುತ್ತ ಕೂಗಿದಳು.

"ರೇಷನ್!"

ಬಾಗಿಲಲ್ಲಿ ಬದನೆಕಾಯಿ ಬುಟ್ಟಿ ಇಳಿಸಿದ್ದ ಮಲ್ಲಟದ ಆದೆಮ್ಮ ಮುಂಚೆಯೇ ಉತ್ತರ ಕೊಟ್ಟಳು. "ಅದು ನನಗs ಗೊತ್ತೈತಿ ಯವ್ವಾ. ಅರ್ಧ ಜ್ವಾಳ, ಅರ್ಧ ಕಲ್ಲು-ಹಳ್ಳು!" ಹೇಳಿ, ಕೇಳದೆಯೇ ಹುಳವಿಲ್ಲದ ನಾಲ್ಕು ಬದನೆಕಾಯಿ ಆರಿಸಿ ಹೊಸ್ತಿಲ ಹೊರಗಿಟ್ಟು ಹೋದಳು. ಜಯಾಬಾಯಿಗೆ ಅಷ್ಟು ಹೊತ್ತು ಉಳಿಯಿತು.

ಆದರೂ ಅನ್ನ ಕುದಿಯುವ ಹೊತ್ತಿಗೆ ಹನ್ನೆರಡಾಗಲು ಬಂತು. ಸೀರೆ ಬದಲಿಸಿ ಹೋದರೆ ಮಡಿ ಕೆಟ್ಟು ಮೂರನೆಯ ಸಲ ಅಡಿಗೆ. ಕಾದರೆ ಪರೀಕ್ಷೆ ಮುಗಿದಿರುತ್ತದೆ. ಜಯಾಬಾಯಿ ಒಂದು ಕ್ಷಣ ಒಲೆಯನ್ನು ನೋಡಿದಳು. ಉರಿಯನ್ನು ಹಿಂದೆಳೆದು ಎದ್ದಳು.

"ಎಲ್ಲಿಗೆ?" ಎಂದರು ಅತ್ತೆ.

"ಸಾಲಿಗೆ, ಅತ್ಯಾ. ಮಡೀಲೇ ಹೋಗಿ ಮಡೀಲೇ ಬರತೀನಿ. ಬಾವಿಯಿಂದ ಮಡಿ ನೀರು ಹೊತ್ತು ತರೋದು ಬೀದ್ಯಾಗಿಂದನs ಅಲ್ಲೇನು?"

ಭಾಗೀರಥಿಬಾಯಿ ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಸೊಸೆ ಬೀದಿಯಲ್ಲಿದ್ದಳು.

ಒದ್ದೆ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರಿಗೂ ತಾಗಬಾರದೆಂದು ಎರಡು ಕೈಗಳನ್ನೂ ಎದೆಗೆ ಒತ್ತಿಕೊಂಡು ಜಯಾಬಾಯಿ ನಡೆದಳು. ನಾಲ್ಕು ಮಾರು ಮುಂದೆ ಹೀರಾಬಿ ಓಡುತ್ತಿದ್ದಳು. "ಸರೀರಿ, ಸರೀರಿ! ಮಡಿ ಬರಾಕತ್ತದ! ಏ ಟಾಂಗಾದವನೇ, ಕುದುರಿ ಹಿಂದ ತಗೋ!" ಇಡೀ ಬಜಾರು ಎರಡು ಸೀಳಾಗಿ ದಾರಿ ಬಿಟ್ಟಿತು. ಹಿಂದೆ ಸಿಟ್ಟಿನಲ್ಲಿ ಭಾಗೀರಥಿಬಾಯಿ, ಅವರ ಹಿಂದೆ, ಏನೂ ತಪ್ಪಿಹೋಗಬಾರದೆಂದು, ಅಹಲ್ಯಾಬಾಯಿ.

ಇನ್ಸ್‌ಪೆಕ್ಟರ್ ಬಾಯಿ ವಯಸ್ಸಾದವರು, ಕನ್ನಡ ಬಲ್ಲವರು. ಅಂಗಳದಲ್ಲಿ ತೊಯ್ದು ನಿಂತ ಹುಡುಗಿಯನ್ನು ಕಂಡು ಏನೂ ಕೇಳಲಿಲ್ಲ. ತಮ್ಮ ಕುರ್ಚಿಯನ್ನು ತಾವೇ ಬೇವಿನ ನೆರಳಿಗೆ ತಂದುಕೊಂಡು, ಅವಳಿಂದ ದೂರದಲ್ಲಿ ಕೂತರು. ಅರ್ಜಿಯ ಜೊತೆ ಬಂದಿದ್ದ ಚೀಟಿಯ ನಡುವೆ ಎಲ್ಲೋ ಬೆರಳಿಟ್ಟು, "ಪೊಸಿಷನ್?" ಎಂದರು.

ಜಯಾಬಾಯಿ ಕಣ್ಣು ಮುಚ್ಚಿದಳು. "ನೇಷನ್ ರಾಷ್ಟ್ರ, ಸ್ಟೇಷನ್ ಠಾಣೆ, ರೇಷನ್ ಪಡಿ..." ಎಂದು ಹಾಡತೊಡಗಿದಳು.

"ಅದಲ್ಲ, ಪೊಸಿಷನ್."

ಎಲ್ಲಿ ತಡೆದರೂ ಅವಳು ಮತ್ತೆ ಮೊದಲಿಂದಲೇ ಬರಬೇಕು. ಹಾಡಿನಲ್ಲಿ ಕಲಿತದ್ದು, ನಡುವಿನಿಂದ ಎತ್ತಲು ಬರಲಿಲ್ಲ. ಮೂರನೆಯ ಸಲವೂ ಅವಳು "ನೇಷನ್" ಎಂದೇ ಶುರುಮಾಡಿದಳು.

"ಪೊಸಿಷನ್ ಅಂದ್ರ ಸ್ಥಾನ!" ಗೇಟಿನಿಂದ ಗುಡುಗು ಬಂತು. ಭಾಗೀರಥಿಬಾಯಿ ಏದುಸಿರು ಬಿಡುತ್ತ ನಿಂತಿದ್ದರು. "ಒಂದು ತಿಂಗಳಾತು, ನನ್ನ ಜಪ ಕೆಡಿಸಿ ಒದರಾಕತ್ತಿ. ಇಷ್ಟೂ ನೆನಪಿಲ್ಲೇನು?"

ಇನ್ಸ್‌ಪೆಕ್ಟರ್ ಬಾಯಿ ಕನ್ನಡಕ ಏರಿಸಿದರು. "ಆಬ್ಜೆಕ್ಷನ್?"

"ತಕರಾರು."

"ಆಂಬಿಷನ್?"

"ಹೆಬ್ಬಯಕಿ. ಈಕಿಗೆ ಇರೋದು."

"ಇರಿಟೇಷನ್?"

"ಕಿರಿಕಿರಿ," ಎಂದು ಭಾಗೀರಥಿಬಾಯಿ ಅಹಲ್ಯಾಬಾಯಿಯತ್ತ ತಿರುಗಿದರು.

ಮೇಲಿಂದ, ಕೆಳಗಿಂದ, ನಡುವಿನಿಂದ ಕೇಳಿದ್ದಾಯಿತು. ನಲವತ್ತಕ್ಕೆ ನಲವತ್ತು. "ನಾ ಏನೂ ಕಲೀಲಿಕ್ಕೆ ಹೋಗಿಲ್ಲರೀ. ಕಿವಿ ಅವ, ಬಿದ್ದಾವು," ಎಂದರು ಅವರು, ತಪ್ಪು ಒಪ್ಪಿಕೊಳ್ಳುವವರ ಹಾಗೆ. ದಿನಾ ಪುರಾಣ ಓದುವುದನ್ನೂ, ಮಗನಿಗೆ ಕಾಗದ ಬರೆಯುವುದನ್ನೂ ಒಪ್ಪಿಕೊಂಡರು.

"ನೌಕರಿ ನಿಮಗs ಕೊಡತೀನಿ," ಎಂದರು ಇನ್ಸ್‌ಪೆಕ್ಟರ್ ಬಾಯಿ. "ಹಿಂದ ಇಬ್ಬರು ಸಣ್ಣ ಸೊಸೆಂದಿರು ಬಂದಿದ್ರು. ಒಬ್ಬಾಕಿ ಹೆರಿಗಿಗೆ ಹೋದಳು, ಇನ್ನೊಬ್ಬಾಕಿ ಗಂಡನ ಊರಿಗೆ. ನೀವು ಎಲ್ಲಿಗೂ ಹೋಗೂದಿಲ್ಲ."

ಭಾಗೀರಥಿಬಾಯಿ ಒಲ್ಲೆನೆನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಅಹಲ್ಯಾಬಾಯಿ ಗಲ್ಲದ ಮೇಲೆ ಬೆರಳಿಟ್ಟರು. "ಅಯ್ಯಯ್ಯ! ಮಡಿ ಹೆಂಗಸು ಸಾಲ್ಯಾಗ ಇಂಗ್ಲಿಷ್ ಹೇಳೂದೇನು? ಜನ ಏನಂದಾರು?"

ತೆರೆದ ಬಾಯಿ ಮುಚ್ಚಿತು. ಕೆಂಪು ಸೆರಗು ತಲೆಯ ಮೇಲೆ ಬಿಗಿಯಾಯಿತು.

"ಇಪ್ಪತ್ತೈದು ವರ್ಷ ಜನ ಅಂದದ್ದು ನಾ ಕೇಳೀನಿ. ಇನ್ನ ನಾ ಅಂದದ್ದು ಜನ ಕೇಳಲಿ. ಬರಕೋರಿ ಬಾಯಾರ, ಭಾಗೀರಥಿಬಾಯಿ ಅಂತ."

ಹೀರಾಬಿ ಚಪ್ಪಾಳೆ ತಟ್ಟಿಯೇ ಬಿಟ್ಟಳು. ಜಯಾಬಾಯಿಗೂ ತಟ್ಟಬೇಕೆನಿಸಿತು, ಅದೇ ಹೊತ್ತಿಗೆ ಅಳಬೇಕೆಂದೂ ಅನಿಸಿತು. ಹೀರಾಬಿ ಅದನ್ನು ಕಂಡು ಚಪ್ಪಾಳೆ ನಿಲ್ಲಿಸಿ, ಮನೆಯವರೆಗೂ ಕೈಸನ್ನೆಯಿಂದಲೇ ದಾರಿ ಬಿಡಿಸುತ್ತ ನಡೆದಳು.

ಮನೆಯಲ್ಲಿ ಅನ್ನ ತಳ ಹಿಡಿದಿತ್ತು. ಭಾಗೀರಥಿಬಾಯಿ ಜೀವಮಾನದಲ್ಲಿ ಮೊದಲ ಸಲ ಅದರ ಬಗ್ಗೆ ಒಂದೂ ಮಾತಾಡದೆ ಉಂಡು, ಕೈತೊಳೆದು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ನಾಳಿಂದ ಒಂಬತ್ತೂವರಿಗೆ ಅಡಿಗಿ ಆಗಿರಬೇಕು. ನನಗ ಸಾಲಿಗೆ ತಡ ಆಗಬಾರದು. ನಿನ್ನ ಇಂಗ್ಲಿಷಿನ ಚಿಂತಿ ಬ್ಯಾಡ, ನಾಲ್ಕರ ಮ್ಯಾಲೆ ಬಂದು ನಾನs ಕಲಿಸತೀನಿ."

"ನಾ ಒಲ್ಲೆ, ಅತ್ಯಾ," ಎಂದಳು ಜಯಾಬಾಯಿ.

"ಒಲ್ಲೆ ಅಂದ್ರೂ ಕೈಕಟ್ಟಿ ನಿಂತು ಹೇಳು. ಕಲಿಸೋರ ಮುಂದ ಹಂಗೇನು ನಿಂದ್ರೂದು?"

ಜಯಾಬಾಯಿ ಕೈ ಕಟ್ಟಲಿಲ್ಲ. ಸೌಟು ಹಿಡಿದೇ ನಿಂತಿದ್ದಳು.