ಕಾರು ಕದ್ದವರ ಗಮನಕ್ಕೆ

ತನ್ನ ಕಾರು ಕದ್ದವನಿಗೆ ಉಪಯೋಗವಾಗಲೆಂದು ಐದು ತಾಲ್ಲೂಕುಗಳಲ್ಲಿ ಮೈಕ್ ಹಾಕಿಸಿ ಸಾರಿಸಿದ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ ಇರಬೇಕು. ಆಕೆ ನನ್ನ ಸೋದರತ್ತೆ, ಅಪ್ಪನ ಅಕ್ಕ. ಸರ್ಕಾರಿ ನರ್ಸ್ ಆಗಿ ತೆಲಿಗಿಯಿಂದ ಉಜ್ಜಿನಿಯವರೆಗೆ ಕಂಡ ಕಂಡ ಕೂಸುಗಳಿಗೆಲ್ಲ ಸೂಜಿ ಚುಚ್ಚಿ ಅಳಿಸಿದವಳು. ನಿವೃತ್ತಿಯಾದ ಮೇಲೆ ಚುಚ್ಚಲು ಯಾರೂ ಸಿಗದೆ ಒಂದು ಹಳೇ ಹಸಿರು ಕಾರನ್ನು ತಂದು ಅದರ ಆರೈಕೆಗೆ ನಿಂತಳು.

ಆರೈಕೆ ಎಂದರೆ ಎಂಥದ್ದು ಅಂತೀರಿ? ಆಕೆಯ ಅಡುಗೆಮನೆಯಲ್ಲಿ ಸೌಟಿನ ಪಕ್ಕದ ಮೊಳೆಗೆ ನಟ್ಟು ಬಿಗಿಯುವ ಪಾನಾ ನೇತಾಡುತ್ತದೆ. ಸೀರೆ ಎತ್ತಿ ಕಟ್ಟಿ ಕಾರಿನ ಕೆಳಗೆ ತೂರಿಕೊಂಡರೆ ಬಾಗಿಲಿಗೆ ಬಂದ ನೆಂಟರು ಒಂದು ಜೊತೆ ಪಾದಗಳೊಂದಿಗೆ ಮಾತಾಡಿ ಹೋಗಬೇಕು. ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲವೆಂದು ಹಿಂದಿನ ಗಾಲಿಗೆ ಒಂದು ಕಲ್ಲು. ಕೀಲಿ ತೆಗೆದರೆ ಮತ್ತೆ ಕೂರುವುದಿಲ್ಲವೆಂದು ಅದು ಸದಾ ಕಾರಿನಲ್ಲೇ. "ಯಾರರ ಹೊಡಕೊಂಡು ಹೋದಾರು ಅತ್ತಿ" ಎಂದರೆ ನಗುತ್ತಿದ್ದಳು. "ಇದನ್ನ ಚಾಲೂ ಮಾಡಾಕ ನನ್ನ ಬಿಟ್ರ ಇನ್ನೊಬ್ರು ಹುಟ್ಟಿಲ್ಲ."

ಇನ್ನೊಂದು ವಿಚಿತ್ರವಿತ್ತು. ಎಷ್ಟೇ ಜನರಿರಲಿ, ಮುಂದಿನ ಎಡಗಡೆ ಸೀಟಿನಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ನನ್ನ ಜಾಗ ಹಿಂದೆ, ಕಾಯಿಪಲ್ಲೆ ಚೀಲದ ಪಕ್ಕ. ಆಕೆಯ ನೂರೆಂಟು ಹುಚ್ಚುಗಳಲ್ಲಿ ಇದೂ ಒಂದೆಂದು ನಾನೂ ಸುಮ್ಮನಿದ್ದೆ.

ಹಗರಿಬೊಮ್ಮನಹಳ್ಳಿಯ ಸಂತೆಯ ದಿನ, ಚಾಲೂ ಮಾಡಬಲ್ಲ ಆ ಇನ್ನೊಬ್ಬ ಹುಟ್ಟಿಯೇಬಿಟ್ಟ. ಅತ್ತೆ ಬದನೆಕಾಯಿ ಕೊಂಡು ಬರುವಷ್ಟರಲ್ಲಿ ಕಾರಿನ ಜಾಗದಲ್ಲಿ ಕಲ್ಲೊಂದೇ ಉಳಿದಿತ್ತು. ಆಕೆ ಅತ್ತಳೇ? ಕೂಗಿದಳೇ? ಇಲ್ಲ. ಕಲ್ಲನ್ನು ಬದನೆಕಾಯಿ ಚೀಲಕ್ಕೆ ಹಾಕಿಕೊಂಡು ನೆಟ್ಟಗೆ ಪೊಲೀಸ್ ಠಾಣೆಗೆ ಹೋದಳು. ಸುದ್ದಿ ತಿಳಿದು ನಾನು ಓಡಿಹೋಗುವ ಹೊತ್ತಿಗೆ ಕಲ್ಲು ಕಾನ್‌ಸ್ಟೇಬಲ್ ಮೇಜಿನ ಮೇಲಿತ್ತು.

"ಕಾರಿನ ಗುರ್ತು ಹೇಳ್ರಿ ಅಮ್ಮಾರ" ಎಂದ ಆತ.

"ಮುಂಜಾನಿ ಎದ್ದ ಕೂಡ್ಲೆ ಎರಡು ಸಲ ಕೆಮ್ಮತೈತಿ. ಏರು ಬಂದ್ರ ಉಸಿರು ಹಿಡಿತೈತಿ. ಬಿಸಿಲಿಗೆ ಮೈ ಕಾದ್ರ ನೀರು ಬೇಕಾಗತೈತಿ."

ಆತ ಬರೆಯುವುದನ್ನು ನಿಲ್ಲಿಸಿದ. "ನಾ ಕೇಳಿದ್ದು ಕಾರಿನ ಗುರ್ತು ಅಮ್ಮಾರ, ಪೇಷೆಂಟಿಂದಲ್ಲ."

ಆಕೆಗೆ ನಿಜವಾದ ಚಿಂತೆ ಹತ್ತಿದ್ದು ಮನೆಗೆ ಬಂದ ಮೇಲೆ. "ಕಲ್ಲು ಬಿಟ್ಟು ಹೋಗ್ಯಾನ. ಇಳಿಜಾರಿನ್ಯಾಗ ನಿಲ್ಲಿಸಿದ್ರ ಏನ್ ಗತಿ?" ಎಂದು ಊಟ ಬಿಟ್ಟಳು. ಮರುದಿನವೇ, ಸೀರೆ ಸೇಲ್ ಸಾರುವವನ ಆಟೋ ಬಾಡಿಗೆಗೆ ಹಿಡಿದು, ಹಿಂದೆ ಪೋಲಿಯೋ ಹನಿಗೆ ಊರೂರು ಕರೆದ ಅದೇ ದನಿಯಲ್ಲಿ ತಾನೇ ಮಾತಾಡಿ ರೆಕಾರ್ಡ್ ಮಾಡಿಸಿದಳು. ಆಟೋ ಹಗರಿಬೊಮ್ಮನಹಳ್ಳಿ ಸುತ್ತಿ, ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ನೋಡಿಕೊಂಡು ಕೊಟ್ಟೂರಿಗೆ ಬಂದು ನಾನು ಕೆಲಸ ಮಾಡುವ ಕಚೇರಿಯ ಕಿಟಕಿಯ ಕೆಳಗೇ ನಿಂತಿತು.

"ಹಸಿರು ಕಾರು ತಗೊಂಡು ಹೋದವ್ರಿಗೆ ನಮಸ್ಕಾರ. ನಿಲ್ಲಿಸಿದಾಗ ಹಿಂದಿನ ಗಾಲಿಗೆ ಕಲ್ಲು ಇಡ್ರಿ. ನೆಳ್ಳಾಗ ನಿಲ್ಲಿಸ್ರಿ. ದಿನಾ ಮುಂಜಾನಿ ನೀರು ನೋಡ್ರಿ. ಪೆಟ್ರೋಲ್ ಮುಳ್ಳು ಯಾವಾಗ್ಲೂ ಫುಲ್ ತೋರಸತೈತಿ, ನಂಬಬ್ಯಾಡ್ರಿ. ಕೊನೀ ಮಾತು, ಎಡಗಡಿ ಸೀಟು ಹಿಂದಕ್ಕ ಸರಿಸೇನಿ. ಅದನ್ನ ಮುಂದಕ್ಕ ಎಳೀಬ್ಯಾಡ್ರಿ."

ಆಮೇಲೆ ಆಕೆಯ ಫೋನ್ ನಂಬರು, ಎರಡೆರಡು ಸಲ. ನಮ್ಮ ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಅತ್ತೆಯವರ ಧ್ವನಿ ಅಲ್ವೇನ್ರಿ?" ಎಂದರು. ಅಲ್ಲ ಎನ್ನುವಷ್ಟು ಧೈರ್ಯ ನನಗೆಲ್ಲಿತ್ತು? ಎದುರಿನ ಚಹಾದಂಗಡಿಯವನಂತೂ "ಕಳ್ಳಗ ಇಷ್ಟು ಮರ್ಯಾದಿ! ನಾವೂ ಒಂದು ಕಾರು ಕದಿಯೋಣೇನು?" ಎಂದು ಗಿರಾಕಿಗಳನ್ನು ಕೇಳುತ್ತಿದ್ದ.

ಕಾನ್‌ಸ್ಟೇಬಲ್ ಅಂದು ಸಂಜೆ ಮನೆಗೇ ಬಂದ. "ಪೆಟ್ರೋಲಿನ ಮಾತೊಂದು ಬಿಟ್ಟುಬಿಡ್ರಿ ಅಮ್ಮಾರ. ಮುಳ್ಳು ನಂಬಿ ಹೋದ್ರ ಎಲ್ಲಿಯರ ನಿಂತು ಸಿಗ್ತಾನ."

"ಸುಳ್ಳು ಹೇಳೋದು ಕಾರು. ಅದರ ಜೋಡಿ ನಾನೂ ಹೇಳ್ಲೇನು?" ಎಂದಳು ಅತ್ತೆ. ಆತ ಚಹಾ ಕುಡಿದು ಎದ್ದು ಹೋದ.

ಆತ ಹೋದ ಮೇಲೆ ನಾನು ಕೇಳಿದೆ, "ಅತ್ತಿ, ಆ ಸೀಟು ಎಳದ್ರ ಏನಾಗತೈತಿ?"

"ಏನೂ ಆಗಂಗಿಲ್ಲ. ಎಳೀಬಾರ್ದು, ಅಷ್ಟ."

ನಾಲ್ಕನೆಯ ದಿನ ಮಾಗಳದಿಂದ ರೈತರೊಬ್ಬರ ಫೋನ್ ಬಂತು. ಹೊಳೆಯ ದಾರಿಯಲ್ಲಿ ಬೇವಿನ ಮರದ ಕೆಳಗೆ ಹಸಿರು ಕಾರು ನಿಂತಿದೆ, ಜನ ಯಾರೂ ಇಲ್ಲ. ಠಾಣೆಗೆ ತಿಳಿಸಿ ಬಸ್ ಹತ್ತಿದೆವು. ಅತ್ತೆಯ ತೊಡೆಯ ಮೇಲೆ ಚೀಲ, ಚೀಲದಲ್ಲಿ ಕಲ್ಲು. ದಾರಿಯುದ್ದಕ್ಕೂ ಆಕೆ ಅದನ್ನು ಎರಡೂ ಕೈಯಿಂದ ಅವಚಿಕೊಂಡೇ ಕೂತಿದ್ದಳು. ಆಕೆ ಹಾಗೆ ಕೂತದ್ದನ್ನು ನಾನು ಕಂಡಿದ್ದು ಅಪ್ಪ ತೀರಿಕೊಂಡ ದಿನ ಮಾತ್ರ.

ಕಾರು ನೆರಳಲ್ಲಿತ್ತು. ಹಿಂದಿನ ಗಾಲಿಗೆ ಹೊಳೆಯ ದುಂಡು ಕಲ್ಲೊಂದನ್ನು ಒತ್ತರಿಸಿ ಇಟ್ಟಿದ್ದರು. ರೇಡಿಯೇಟರ್ ತುಂಬ ನೀರು. ನಮಗಿಂತ ಮೊದಲೇ ಬಂದು ನಿಂತಿದ್ದ ಕಾನ್‌ಸ್ಟೇಬಲ್, "ಐದು ತಾಲ್ಲೂಕಿಗೆ ಇದರ ಕೆಮ್ಮು ಗೊತ್ತಾದ ಮ್ಯಾಲೆ ಯಾವನು ಓಡಸ್ತಾನ್ರಿ" ಎಂದು ನಕ್ಕ. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಗಾಲಿ ಮಾತ್ರ ನಾಪತ್ತೆ.

"ಸ್ಟೆಪ್ನಿ ಬಗ್ಗೆ ನಾ ಏನೂ ಹೇಳಿದ್ದಿಲ್ಲ" ಎಂದು ಅತ್ತೆ ಕಳ್ಳನ ಪರವಾಗಿ ವಾದಿಸಿದಳು.

ಬಾನೆಟ್ ಎತ್ತಿ ಒಂದೊಂದೇ ತಂತಿ ಮುಟ್ಟಿ ನೋಡುತ್ತಾಳೆಂದುಕೊಂಡಿದ್ದೆ. ಆಕೆ ಎಡಗಡೆಗೆ ಹೋಗಿ ಬಾಗಿಲು ತೆಗೆದಳು. ಸೀಟು ಹಿಂದಕ್ಕೇ ಇತ್ತು. ಅದರ ಮೇಲೆ ಕೈಯಿಟ್ಟು ನಿಂತವಳ ಕಣ್ಣು ತುಂಬಿದ್ದು ಕಂಡು ನನಗೆ ಥಟ್ಟನೆ ಹೊಳೆಯಿತು. ಕೊನೆಯ ವರ್ಷ ಅಪ್ಪನ ಬಲಗಾಲು ಮಡಚುತ್ತಿರಲಿಲ್ಲ. ವಾರಕ್ಕೊಮ್ಮೆ ಇದೇ ಕಾರಿನಲ್ಲಿ ಹೊಸಪೇಟೆಯ ಆಸ್ಪತ್ರೆಗೆ ತಮ್ಮನನ್ನು ಕರೆದುಕೊಂಡು ಹೋಗುತ್ತಿದ್ದವಳು ಈಕೆಯೇ. ಕಾಲು ಚಾಚಲು ಅನುಕೂಲವಾಗಲೆಂದು ಸೀಟನ್ನು ಹಿಂದಕ್ಕೆ ಸರಿಸಿದ್ದಳು. ಅಪ್ಪನ ಮಗಳು ನಾನು, ಇಷ್ಟು ದಿನ ಹಿಂದೆ ಕೂತು ಅದನ್ನು ಹುಚ್ಚು ಎಂದುಕೊಂಡಿದ್ದೆ. ನಾಚಿಕೆಯಾಯಿತು.

ಅತ್ತೆ ಮೂಗು ಒರೆಸಿಕೊಂಡು, ಹೊಳೆಯ ಕಲ್ಲು ತೆಗೆದು ಅದನ್ನೂ ಚೀಲಕ್ಕೆ ಹಾಕಿದಳು. ನಾನು ಅಭ್ಯಾಸದಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದೆ.

"ಮುಂದ ಬಾ" ಎಂದಳು.

ಕೂತೆ. ಸೀಟು ನನಗೆ ತೀರಾ ದೂರವಾಗಿತ್ತು. "ಸ್ವಲ್ಪ ಮುಂದಕ್ಕ ಎಳಕೊಳ್ಳಲೇನು ಅತ್ತಿ?"

ಕಾರು ಎರಡು ಸಲ ಕೆಮ್ಮಿ ಚಾಲೂ ಆಯಿತು. ಆಕೆ ದಾರಿ ನೋಡುತ್ತಲೇ ಅಂದಳು, "ಬ್ಯಾಡ. ಕಾಲು ಚಾಚಿಕೊಂಡು ಕುಂದ್ರು. ನಿಮ್ಮಪ್ಪ ಹಂಗಾ ಕುಂದ್ರತಿದ್ದ."