ಎಲ್ಲರೂ ಸೇರಿ ಕೆತ್ತಿಸಿದ ಗಾಲಿ

ನನ್ನ ಕಣ್ಣಿನ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ. ಒಬ್ಬನೇ ಇದ್ದಾಗ ಹಲಗೆ ಎಲ್ಲಿ ಕೂದಲೆಳೆಯಷ್ಟು ಉಬ್ಬಿದೆ ಎಂದು ನೋಡಿದೊಡನೆ ಹೇಳಬಲ್ಲೆ. ನಾಲ್ಕು ಜನ ಬಂದು ನಿಂತು ತಲೆಯಾಡಿಸಿದರೆ ಮಾತ್ರ ಅದೇ ಕಣ್ಣು ಅವರ ಕಡೆಗೆ ಸೇರಿಕೊಂಡುಬಿಡುತ್ತದೆ. ಹಾಗೆಂದು ನಾನೇನು ಸಾಮಾನ್ಯ ಬಡಗಿಯಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ ಸುಲ್ತಾನರ ತೋಪುಗಳಿಗೆ ಗಾಲಿ ಮಾಡುವವನು. ನನ್ನ ಗಾಲಿಯನ್ನು ನಂಬಿ ಒಂದು ದಂಡೇ ಯುದ್ಧಕ್ಕೆ ಹೋಗುತ್ತದೆ. ಪಾಪ, ಅದಕ್ಕೆ ನನ್ನ ವಿಷಯ ಗೊತ್ತಿಲ್ಲ.

ಆ ವರ್ಷ ಸಿಂಧಘಟ್ಟಕ್ಕೆ ಕೊಟ್ಟಿದ್ದ ನಮ್ಮ ಮಗಳು ಕಾಳಮ್ಮ ಬಸುರಿಯಾದಳು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು. ತುಂಬಿದ ಬಸುರಿಯನ್ನು ಎತ್ತಿನ ಬೆನ್ನ ಮೇಲೆ ಕೂರಿಸಿ ತರುವುದು ಹೇಗೆ? ನಾನೇ ಒಂದು ಗಾಡಿ ಮಾಡಲು ಹೊರಟೆ. ಗಂಜಾಮಿನ ನಮ್ಮ ಮನೆ ಮುಂದೆ ದಪ್ಪ ಹಲಗೆಗಳನ್ನು ಜೋಡಿಸಿ, ಒಂದೇ ದಾರದಿಂದ ಅಳೆದು ಎರಡು ಗಾಲಿ ಕೆತ್ತಿ ಅಚ್ಚಿಗೆ ತೊಡಿಸಿದೆ.

ಸಂಜೆ ನಮ್ಮ ಕುಲದ ಯಜಮಾನ ಪುಟ್ಟಾಚಾರರು ನಾಲ್ಕಾರು ಜನರೊಂದಿಗೆ ಬಂದರು. ಸುಮ್ಮನೆ ನಿಂತು ನೋಡಿ, "ಎಡಗಾಲಿ ವಸಿ ದೊಡ್ಡದಾಗ್ಬುಟ್ಟದೆ ಕಣ್ಲಾ" ಎಂದರು.

ನನಗೆ ನಗು ಬಂತು. ಆದರೆ ಪಕ್ಕದ ಮನೆಯ ಅಕ್ಕಸಾಲಿಗ ಮಲ್ಲಾಚಾರಿ ಕಣ್ಣು ಕಿರಿದು ಮಾಡಿ, "ಊಂ, ದೊಡ್ಡದೇಯ" ಎಂದ. ಗುಲಗಂಜಿಯಷ್ಟು ಚಿನ್ನವನ್ನು ಕಣ್ಣಲ್ಲೇ ತೂಗುವ ಮನುಷ್ಯ ಅವನು! ಉಳಿದವರೂ ಊಂಗುಟ್ಟಿದರು. ಮತ್ತೆ ನೋಡಿದೆ. ಏನು ಹೇಳಲಿ, ಎಡಗಾಲಿ ನನ್ನೆದುರೇ ಊದಿಕೊಂಡಿತು! ದಾರ ಸೊಂಟದಲ್ಲೇ ಇತ್ತು, ತೆಗೆಯಲು ನಾಚಿಕೆಯಾಯಿತು. ಹಿರಿಯರ ಮಾತಿಗೆ ದಾರ ಹಿಡಿಯುವುದೇ? ಬಾಚಿ ತಂದು ಕೆತ್ತಿದೆ.

ಮರುದಿನ ಬಂದವರು ಬಲಗಾಲಿ ದೊಡ್ಡದು ಎಂದರು. ಈಗ ಅದು ನಿಜವೇ ಆಗಿತ್ತು. ಅದನ್ನೂ ಕೆತ್ತಿ, ದಾರ ಹಿಡಿದು ಸಮ ಮಾಡಿದೆ. ಅದರ ಮರುದಿನ ಮತ್ತೆ ಎಡಗಾಲಿಯ ಮೇಲೆ ದೂರು. ಹೀಗೇ ಸಾಗಿ, ಗಾಲಿಗಳು ಚಿಕ್ಕದಾಗುತ್ತ ಗಾಡಿ ನೆಲಕ್ಕೆ ತಗ್ಗಿ ಮೊಣಕಾಲೂರಿ ಕುಳಿತ ಕರುವಿನಂತಾಯಿತು.

ಮತ್ತೊಮ್ಮೆ ಬಾಚಿ ಎತ್ತಿದಾಗ ನನ್ನ ಹೆಂಡತಿ ನಂಜಮ್ಮ ಹೊರಗೆ ಬಂದಳು. "ನಿಲ್ಸಿ. ಇನ್ನೊಸಿ ಕೆತ್ತುದ್ರೆ ರೊಟ್ಟಿ ತಟ್ಟೋ ಮಣೆ ಆಯ್ತದೆ. ಒಳೆ ದಾಟುವಾಗ ನೀರು ನುಗ್ಗಿ ನನ್ ಮಗಳು ನೆನೆದ್ರೆ ನೀವ್ಯಾರಾದ್ರೂ ಬಂದು ಎತ್ಕತೀರಾ? ನನ್ ಕಣ್ಗೆ ಎರಡೂ ಸಮವಾಗವೆ."

ಒಬ್ಬಳಾದರೂ ಜೊತೆಗೆ ಸಿಕ್ಕಳಲ್ಲ ಎಂಬ ಧೈರ್ಯಕ್ಕೆ ನನ್ನ ಗಂಟಲು ತೆರೆಯಿತು. "ಸಮವಾಗೇ ಅವೆ" ಎಂದೆ. ದನಿ ಕೊಂಚ ಕೀಚಲಾಗಿ ಬಂತು.

ಮಲ್ಲಾಚಾರಿ ತಲೆ ಕೆರೆದುಕೊಂಡ. "ನಂಗೂ ಮೊದಲ್ನಿಂದ ಅಂಗೇ ಕಾಣ್ತಿತ್ತು. ಯಜಮಾನ್ರು ಅಂದ್ರಲ್ಲಾ ಅಂತ..." ಉಳಿದವರೂ ಅದನ್ನೇ ಹೇಳಿದರು. ಎಲ್ಲರೂ ಪುಟ್ಟಾಚಾರರತ್ತ ತಿರುಗಿದೆವು.

"ನಂಗೇನ್ಲಾ ಗೊತ್ತು?" ಎಂದರು ಅವರು. "ಯಜಮಾನ ಅಂದ್ಮೇಲೆ ಬಂದು ಏನಾದ್ರೂ ಒಂದು ಅನ್ಬೇಕಲ್ಲಾ. ಅಂದೆ. ನೀನು ಮಾಡ್ದೋನು, ಇಲ್ಲ ಅನ್ಬಾರ್ದಾಗಿತ್ತಾ?"

ಕೆತ್ತಿದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ. ಅದೇ ಗಾಡಿಗೆ ಎತ್ತು ಕಟ್ಟಿಕೊಂಡು ಹೊರಟೆ. ದಾರಿಯಲ್ಲಿ ಕ್ಯಾತನಹಳ್ಳಿಯ ಜನ ಕೆಲಸ ಬಿಟ್ಟು ನಿಂತು ನಕ್ಕರು. ಸಿಂಧಘಟ್ಟದಲ್ಲಿ ಕಾಳಮ್ಮ ಯಾರ ಕೈಯನ್ನೂ ಹಿಡಿಯದೆ, ಜಗಲಿಯ ಮೇಲೆ ಕೂರುವಂತೆ ಗಾಡಿಯಲ್ಲಿ ಕುಳಿತಳು. ಹಿಂತಿರುಗುವಾಗ ಕಾವೇರಿಯ ನೀರು ಹಲಗೆಯ ಅಡಿಯನ್ನು ನೆಕ್ಕಿತು. ನಾನು ಎತ್ತುಗಳನ್ನು ಗದರಿಸಿದೆ. ಕಾಳಮ್ಮ ಕಾಲು ಮಡಿಸಿಕೊಂಡು, "ಅಪ್ಪಯ್ಯ, ನೆಂದಿಲ್ಲ ಬುಡು" ಎಂದು ನಕ್ಕಳು. ತವರಲ್ಲಿ ಸುಖವಾಗಿ ಹೆಣ್ಣು ಮಗು ಹೆತ್ತಳು.

ನಾಮಕರಣಕ್ಕೆ ಬಂದ ಬೀಗಿತ್ತಿ ಎಲ್ಲರೆದುರು ಹೇಳಿದರು: "ಬಸುರಿ ಹತ್ತೋಕೆ ಸಲೀಸಾಗ್ಲಿ ಅಂತ ಬೇಕಂತ್ಲೇ ತಗ್ಗಾಗಿ ಮಾಡವ್ರೆ. ಎಂಥಾ ಬುದ್ಧಿವಂತರು!" ಪುಟ್ಟಾಚಾರರು ಊಂ ಎಂದರು. ಮಲ್ಲಾಚಾರಿಯೂ ಊಂ ಎಂದ. ನೆರೆದವರೆಲ್ಲ ತಲೆಯಾಡಿಸಿದರು. ನಂಜಮ್ಮ ಮಾತ್ರ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದಳು. ನಾನೂ ಕೊಂಚ ಯೋಚಿಸಿದೆ. ಅಷ್ಟು ಜನ ಹೇಳುತ್ತಿರುವಾಗ ಸುಳ್ಳಿರಲಾರದು. ಹೌದು, ಬೇಕೆಂದೇ ತಗ್ಗಾಗಿ ಮಾಡಿದ್ದೆ. ಈಗ ಚೆನ್ನಾಗಿ ನೆನಪಿದೆ.